ನಿಂತ ಬಸ್ಸಿನ ಚಾರ್ಜು

ಬಸ್ಸು ಕದಲಿಲ್ಲ. ಬೀಗ ಮುರಿದಿಲ್ಲ. ಆದರೂ ಬ್ಯಾಟರಿಯಿಂದ ನೂರಕ್ಕೆ ಮೂರರಷ್ಟು ಚಾರ್ಜು ಮಾಯ — ಒಂದೇ ತಿಂಗಳಲ್ಲಿ ನಾಲ್ಕನೆಯ ಸಲ.

ಬಿಜ್ಜರಗಿಯ ಶಾಲೆಗೆ ಸರಕಾರದ ಅನುದಾನದಿಂದ ಬಂದ ಹೊಗೆಯಿಲ್ಲದ ಬಸ್ಸು ಅದು. ಬಸ್ಸಿನ ಚಾರ್ಜಿನ ಲೆಕ್ಕ ನೋಡುವ ಶಿಕ್ಷಣ ಕಚೇರಿಯಿಂದ ನೋಟಿಸು ಬಂತು: ಮೂರು ದಿನದಲ್ಲಿ ಕಾರಣ ತಿಳಿಸಿ, ಇಲ್ಲವಾದರೆ ಎರಡನೆಯ ಬಸ್ಸಿಲ್ಲ. ಆ ಬಸ್ಸಿಗಾಗಿ ಊರಿನಿಂದ ದೂರದ ತೋಟದ ವಸ್ತಿಗಳ ನಲವತ್ತು ಹುಡುಗಿಯರು ಕಾದಿದ್ದರು. ಮುಖ್ಯೋಪಾಧ್ಯಾಯ ರಾಜಾರಾಮ ದೂರು ಕೊಟ್ಟರು. ತಿಕೋಟಾದಿಂದ ಸಬ್ ಇನ್‌ಸ್ಪೆಕ್ಟರ್ ಗೌತಮಿ ಮಧ್ಯಾಹ್ನ ಬಂದಳು.

“ಯಾರ ಮ್ಯಾಲ ಸಂಶಯ?”

“ಭಾಗಪ್ಪನ ಮ್ಯಾಲ್ರಿ. ನಮ್ಮ ಅಡಿಗಿ ತಿಪ್ಪವ್ವನ ಗಂಡ. ಮೂವತ್ತು ವರ್ಷ ಡೀಸೆಲ್ ಬಸ್ಸು ಹೊಡದಾನ. ಇದು ಬಂದಾಗ ಆಟಿಗಿ ಸಾಮಾನು ಅಂತ ನಕ್ಕಿದ್ದ. ಈಗ ಆರಾಮಿಲ್ಲ ಅಂತಾಳ ಆಕಿ, ನನಗ ನಂಬಿಕಿಲ್ಲ.”

ಗೌತಮಿ ಮನೆಯಿಂದ ಕರೆಸಿದ್ದ ಚಾಲಕ ಸೈಫುದ್ದೀನನತ್ತ ತಿರುಗಿದಳು. “ಕೀಲಿ ಯಾರ ಕಡೆ?”

“ಒಂದು ನನ್ನ ಕಡೆ. ಇನ್ನೊಂದು ತಿಪ್ಪವ್ವನ ಕಡೆ — ಬಸ್ಸಿನ ಕಸಾ ಆಕಿನ ಹೊಡೀತಾಳ್ರಿ.”

“ಹಗಲೊತ್ತು ನೀವೆಲ್ಲಿ?”

“ಮಕ್ಕಳನ್ನ ಇಳಿಸಿ ಮನಿಗೆ ಹೋಗ್ತೇನಿ. ಬರೂದು ನಾಕಕ್ಕ.”

ಗೌತಮಿ ನೋಟಿಸಿನ ತಾರೀಖುಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ ಕೋಣೆಯಲ್ಲಿ ತಿರುಗದೆ ನಿಂತ ಫ್ಯಾನು ನೋಡಿದಳು.

“ಸರ, ಈ ನಾಲ್ಕು ದಿನ ಕರೆಂಟ್ ಇತ್ತೇನ್ರಿ?”

ರಾಜಾರಾಮ ಡೈರಿ ತಿರುವಿದರು. “ಇಲ್ರಿ. ನಾಲ್ಕೂ ದಿನ ಮುಂಜಾನಿಂದ ಸಂಜೀತನಾ ಹೋಗಿತ್ತು.”

“ಇವತ್ತೂ ಇಲ್ಲ. ನಡೀರಿ.”

ಬಸ್ಸು ಹಿಂದಿನ ಗೋಡೆಗೆ ತಾಗಿದಂತೆ ಬೇವಿನ ನೆರಳಿನಲ್ಲಿ ನಿಂತಿತ್ತು. ಹಿಂಬದಿಯ ಕಿಟಕಿ ಎರಡು ಬೆರಳಷ್ಟು ತೆರೆದಿತ್ತು. ಬಸ್ಸಿನೊಳಗಿನ ಪ್ಲಗ್ಗಿನಿಂದ ಅದರ ಮೂಲಕ ಹೊರಟ ಕರಿ ವೈರು ಟೊಂಗೆಗಳ ನಡುವೆ ಹಾದು ಗೋಡೆಯಾಚೆಯ ಮನೆಯೊಳಗೆ ಇಳಿದಿತ್ತು.

ಆ ಮನೆಯಲ್ಲಿ ಭಾಗಪ್ಪ ಮಂಚದ ಮೇಲಿದ್ದ. ಮೂಗಿಗೆ ನಳಿಗೆ. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಅದರ ಹತ್ತಿರ ತಿಪ್ಪವ್ವ ನಿಂತಿದ್ದಳು. ಗೌತಮಿ ಬಾಗಿಲಲ್ಲೇ ನಿಂತಳು. ಹೊರಗೆ ಸದ್ದಿಲ್ಲದ ಒಂದು ಬಸ್ಸು; ಅದರ ಶಕ್ತಿಯಿಂದ ಇಲ್ಲಿ ಒಂದು ಎದೆ ಏರುತ್ತಿದೆ, ಇಳಿಯುತ್ತಿದೆ.

ಗೌತಮಿ ಮೆಲ್ಲಗೆ ಹೇಳಿದಳು: “ಎಲ್ಲಾರೂ ಬೀಗ ನೋಡಿದ್ರಿ, ಕಿಲೋಮೀಟರ್ ನೋಡಿದ್ರಿ. ತಾರೀಖು ನೋಡಲಿಲ್ಲ. ಆಸೆಬುರುಕ ಕಳ್ಳ ದಿನಾ ಕದೀತಾನ. ಇಲ್ಲಿ ಕರೆಂಟ್ ಹೋದ ದಿನಾ ಅಷ್ಟ ಚಾರ್ಜು ಹೋಗೇತಿ. ಕೀಲಿ ಇದ್ದವರು ಇಬ್ಬರು. ಸೈಫುದ್ದೀನ ಮನಿಗೆ ಹೋಗಿರ್ತಾನ. ಉಳದಾಕಿ ನೀನು, ತಿಪ್ಪವ್ವ.”

ತಿಪ್ಪವ್ವ ಕಣ್ಣು ತಗ್ಗಿಸಲಿಲ್ಲ. “ಹೌದ್ರಿ, ನಾನ. ಕೇಳಿದ್ರ ಇಲ್ಲ ಅಂತಾರಂತ ಅಂಜಿದೆ.”

ಭಾಗಪ್ಪ ಉಸಿರು ಕೂಡಿಸಿಕೊಂಡ. “ಮೂವತ್ತು ವರ್ಷ ನಾ ಬಸ್ಸು ನಡಿಸೀನಿ, ಯಪ್ಪಾ. ಈಗ ಬಸ್ಸು ನನ್ನ ನಡಿಸಾಕತ್ತೇತಿ.”

ರಾಜಾರಾಮ ಅವನ ಕೈ ಹಿಡಿದು ಮಂಚದಂಚಿಗೆ ಕೂತರು.

ಗೌತಮಿ ಏನನ್ನೂ ಮುಚ್ಚಿಡದೆ ವರದಿ ಬರೆದಳು. ವಾರದಲ್ಲಿ ಕಚೇರಿಯಿಂದ ಉತ್ತರ ಬಂತು: ಎರಡನೆಯ ಬಸ್ಸು ಮಂಜೂರು; ಕರೆಂಟ್ ಇಲ್ಲದ ದಿನ ಉಸಿರಿನ ಯಂತ್ರಕ್ಕೆ ಬಸ್ಸಿನ ವಿದ್ಯುತ್ತು ಕೊಡಲು ಒಪ್ಪಿಗೆ. ತಿಪ್ಪವ್ವ ಆ ಪತ್ರವನ್ನು ರಾಜಾರಾಮರಿಂದ ಎರಡು ಸಲ ಓದಿಸಿದಳು. ಆಮೇಲೆ ಸಾರಿನ ಪಾತ್ರೆ ಇಳಿಸಿ, ಮಕ್ಕಳನ್ನು ಊಟಕ್ಕೆ ಕರೆದಳು.