ಅವನೊಬ್ಬನಿಗೆ ಕೊಡದ ಕವರ್

ಮಗಳ ಯೂನಿಫಾರ್ಮಿನ ಒಂದು ತೋಳಿಗೆ ಇಸ್ತ್ರಿ ಹಾಕಿ ಮುಗಿದಿತ್ತು. ಇನ್ನೊಂದನ್ನು ಹರಡುವಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು.

ಅವಳು ಬಾಗಿಲು ತೆಗೆದಳು.

ಅವನೇ. ಈ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್. ದಿನವೂ ಇರುತ್ತಿದ್ದ ನಗು ಇವತ್ತು ಮುಖದಲ್ಲಿರಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು ಮೇಡಂ. ನನ್ನಿಂದ ಏನು ತಪ್ಪಾಯ್ತು?"

"ತಪ್ಪಾ? ಏನೂ ಇಲ್ವಲ್ಲ..."

"ಹಾಗಾದ್ರೆ ಕವರು?"

ವರ್ಷದ ಕೊನೆಯ ವಾರ ಇಲ್ಲಿ ಪ್ರತಿ ಮನೆಯವರೂ ಕೆಲಸದವರ ಹೆಸರು ಬರೆದ ಕವರಿನಲ್ಲಿ ಏನಾದರೂ ಇಟ್ಟು ಕೊಡುತ್ತಾರೆ. ಅವಳೂ ನಿನ್ನೆ ಕೊಟ್ಟಿದ್ದಳು. ವಾಚ್‌ಮನ್‌ಗೆ, ಮೆಟ್ಟಿಲು ಗುಡಿಸುವ ಅಕ್ಕನಿಗೆ, ತೋಟದ ಅಜ್ಜನಿಗೆ... ಇವನೊಬ್ಬನನ್ನು ಬಿಟ್ಟು.

ಎದುರು ಮನೆಯ ಬಾಗಿಲು ಬೆರಳಷ್ಟು ತೆರೆದುಕೊಂಡಿತು. ಆ ಮನೆಯ ಆಂಟಿಗೆ ಇರುವುದು ಎರಡೇ ಕಿವಿ, ಮಾಡುವುದು ನಾಲ್ಕರ ಕೆಲಸ.

"ಅದು... ಮರೆತೆ," ಎಂದಳು.

"ಮರೆತ್ರಾ..." ಅವನು ನೆಲ ನೋಡಿದ. "ಆಯ್ತು ಮೇಡಂ. ಸ್ವಿಚ್‌ಬೋರ್ಡ್ ಹತ್ರ ಒದ್ದೆ ಬಟ್ಟೆ ಒಣಗಿಸ್ಬೇಡಿ. ನಾಳೆಯಿಂದ ಯಾರು ಬರ್ತಾರೋ ಏನೋ."

ನಾಳೆಯಿಂದ? ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಮೆಟ್ಟಿಲು ಗುಡಿಸುತ್ತಿದ್ದ ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು.

"ಏನ್ ಮಾಡ್ಬಿಟ್ಟೆ ತಾಯಿ? ನೀನು ಹೊಸಬಳು, ಇಲ್ಲಿನ ಪದ್ಧತಿ ಗೊತ್ತಿಲ್ಲ. ಎಲ್ಲರಿಗೂ ಕೊಟ್ಟು ಒಬ್ಬರಿಗೆ ಕೊಡಲಿಲ್ಲ ಅಂದ್ರೆ ಅವರ ಮೇಲೆ ಕಂಪ್ಲೇಂಟ್ ಅಂತ ಅರ್ಥ. ಬಾಯಿಬಿಟ್ಟು ಹೇಳೋಕಾಗದ ಕಂಪ್ಲೇಂಟು. ಅದೂ ಒಂಟಿ ಹೆಂಗಸು ಕೊಡಲಿಲ್ಲ ಅಂದ್ರೆ ಜನ ಏನಂದ್ಕೋತಾರೆ ಹೇಳು. ಮ್ಯಾನೇಜರ್ ಅವನನ್ನ ಊರಾಚೆ ಬಿಲ್ಡಿಂಗಿಗೆ ಹಾಕಿದಾರೆ. ಒಂಬತ್ತಕ್ಕೆ ವ್ಯಾನು."

ಗಡಿಯಾರ ಎಂಟೂ ಮುಕ್ಕಾಲು ತೋರಿಸುತ್ತಿತ್ತು.

"ಅಮ್ಮಾ, ಸುಟ್ಟ ವಾಸನೆ..." ಒಳಗಿನಿಂದ ಏಳು ವರ್ಷದ ಮಗಳು ಗುಬ್ಬಿ ಕೂಗಿದಳು. ಇಸ್ತ್ರಿ ನೆನಪಾಗಿ ಅವಳು ಒಳಗೋಡಿ ಪ್ಲಗ್ ಕಿತ್ತಳು. ಮಗಳ ಕೈ ಹಿಡಿದು ಹಾಗೇ ಕೆಳಗೆ ಹೊರಟಳು.

ಗಂಡ ತೀರಿಕೊಂಡು ಮೂರು ವರ್ಷ. ಪರದೆ ಹೊಲಿದು ಬದುಕುತ್ತಿದ್ದ ಅವಳು ಈ ಮನೆಗೆ ಬಂದ ವಾರವೇ ಸ್ವಿಚ್‌ಬೋರ್ಡಿನಿಂದ ಹೊಗೆ ಬಂದಿತ್ತು. ಆಗ ಬಂದವನು ಇವನು. ಅಳುತ್ತಿದ್ದ ಗುಬ್ಬಿಯ ಕೈಗೆ ಟಾರ್ಚ್ ಕೊಟ್ಟು, 'ನೀನೇ ಬೆಳಕು ಹಿಡೀಬೇಕು, ನನಗೂ ಕತ್ತಲೆ ಅಂದ್ರೆ ಭಯ,' ಎಂದಿದ್ದ. ಅವತ್ತಿನಿಂದ ಅವನು ಮಗುವಿಗೆ ಲೈಟ್ ಅಂಕಲ್. ತನಗೆ ಏನು ಎಂದು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಲು ಹೆದರಿಕೆ.

'ನಿಜ ಹೇಳಿದರೆ ಮನೆ ಖಾಲಿ ಮಾಡು ಅಂದರೆ? ಅತ್ತೆ ಮನೆಯವರ ಕಿವಿಗೆ ಬಿದ್ದರೆ? ಅದೆಲ್ಲ ಹೋಗಲಿ... ಲೈಟ್ ಅಂಕಲ್ ಮನಸ್ಸಿನಲ್ಲಿ ನನ್ನ ಬಗ್ಗೆ ಏನೂ ಇಲ್ಲದಿದ್ದರೆ?'

"ಅಮ್ಮಾ, ಲೈಟ್ ಅಂಕಲ್..."

"ಶ್... ಸುಮ್ನಿರು ಕಂದಾ."

ಆಫೀಸಿನಲ್ಲಿ ಮ್ಯಾನೇಜರ್ ವರ್ಗಾವಣೆ ಚೀಟಿಗೆ ಸಹಿ ಹಾಕುತ್ತಿದ್ದರು. ಬೆಂಚಿನ ಮೇಲೆ ಅವನು, ಕಾಲ ಬಳಿ ಚೀಲ. ಬಾಗಿಲಲ್ಲಿ ವಾಚ್‌ಮನ್.

"ಸರ್, ಇವರ ಮೇಲೆ ನಂದೇನೂ ಕಂಪ್ಲೇಂಟ್ ಇಲ್ಲ."

"ಹೆದರ್ಬೇಡಿ ಅಮ್ಮ. ಬೇಕಾದ್ರೆ ಅವನನ್ನ ಹೊರಗೆ ಕಳಿಸ್ತೀನಿ."

"ಬೇಡ. ಅವರು ಇಲ್ಲೇ ಇರ್ಲಿ."

"ಕಂಪ್ಲೇಂಟ್ ಇಲ್ಲ ಅಂದ್ರೆ ಸುಲಭ." ಮ್ಯಾನೇಜರ್ ಡ್ರಾಯರಿನಿಂದ ಖಾಲಿ ಕವರೊಂದನ್ನು ತೆಗೆದು ಮುಂದೆ ತಳ್ಳಿದರು. "ಏನಾದ್ರೂ ಹಾಕಿ ಕೊಟ್ಬಿಡಿ. ವಿಷಯ ಇಲ್ಲಿಗೇ ಮುಗೀತು. ವ್ಯಾನ್ ವಾಪಸ್ ಕಳಿಸ್ತೀನಿ."

ಇಷ್ಟೇ. ಒಂದು ಕವರು. ಅವನು ಉಳಿಯುತ್ತಾನೆ. ಯಾರೂ ಏನೂ ಆಡಿಕೊಳ್ಳುವುದಿಲ್ಲ. ಅವಳು ನೋಟೊಂದನ್ನು ಕವರಿಗೆ ಹಾಕಿ ತಿರುಗಿದಳು.

ಅವನು ಎದ್ದು ನಿಂತ. ತಲೆ ತಗ್ಗಿಸಿ ಎರಡೂ ಕೈ ಚಾಚಿದ.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಅವಳ ಕೈ ಮುಂದೆ ಹೋಗಲಿಲ್ಲ.

"ಆಗಲ್ಲ," ಎಂದಳು.

"ಅಂದ್ರೆ ಕಂಪ್ಲೇಂಟ್ ಇದೆ ಅಂತಾಯ್ತು," ಎಂದರು ಮ್ಯಾನೇಜರ್.

"ಇಲ್ಲ ಸರ್." ಅವಳು ಕವರನ್ನು ಮೇಜಿನ ಮೇಲಿಟ್ಟಳು. "ಇವರು ನನ್ನ ಮುಂದೆ ಹೀಗೆ ತಲೆ ತಗ್ಗಿಸಿ ನಿಲ್ಲೋದು ನಂಗೆ ನೋಡೋಕಾಗಲ್ಲ. ನಿನ್ನೆ ಎಲ್ಲರ ಹೆಸರೂ ಬರೆದೆ. ಇವರದ್ದು ಬರೆಯೋಕೆ ಹೋದ್ರೆ ಪೆನ್ನೇ ಓಡಲಿಲ್ಲ. ಕೊಟ್ಬಿಟ್ರೆ ಇವರು ಯಾವತ್ತೂ ನಂಗೆ ಮೇಡಂ ಅಂತಾನೇ ಅಂತಿರ್ತಾರೆ ಅನ್ನಿಸ್ತು."

ವಾಚ್‌ಮನ್ ಇದ್ದಕ್ಕಿದ್ದಂತೆ ಗೇಟಿನ ಕಡೆ ತಿರುಗಿ ನಿಂತ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಇಂಥ ಕಾರಣ ಬರೆಯೋಕೆ ರಿಜಿಸ್ಟರಲ್ಲಿ ಜಾಗ ಇಲ್ಲಮ್ಮ," ಎಂದು ಚೀಟಿಯನ್ನು ನಿಧಾನವಾಗಿ ಹರಿದು, ವ್ಯಾನಿನವನಿಗೆ ಹೇಳಲು ಎದ್ದುಹೋದರು.

ಚಾಚಿದ ಕೈಗಳು ಕೆಳಗಿಳಿದವು. ತಲೆ ಮೇಲೆದ್ದಿತು. ಅವನ ಕಣ್ಣುಗಳು ತುಂಬಿದ್ದವು.

"ನನ್ನ ಮನಸ್ಸಲ್ಲಿರೋದು ಮುಖದಲ್ಲಿ ಕಂಡುಬಿಡ್ತೇನೋ, ಅದಕ್ಕೇ ನಿಮಗೆ ಬೇಜಾರಾಯ್ತೇನೋ ಅಂತ... ನಿನ್ನೆಯಿಂದ ಊಟ ಸೇರಿಲ್ಲ ನಂಗೆ."

"ಏನಿದೆ ಮನಸ್ಸಲ್ಲಿ?"

"ಹೇಳೋಕೆ ಭಯ ಆಗುತ್ತೆ."

"ನಂಗೂ," ಎಂದಳು ಅವಳು. "ಕೇಳಿಸ್ಕೊಳ್ಳೋಕೂ ಭಯ. ಆದ್ರೂ ಹೇಳಿ."

ಅವನು ಬಾಯಿ ತೆರೆದ.

ಗುಬ್ಬಿ ಅಮ್ಮನ ಮುಖ ನೋಡಿದಳು, ಅವನ ಮುಖ ನೋಡಿದಳು. ಈ ಸಲ ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.

"ಅಮ್ಮಾ, ಮನೆಯವರಿಗೆ ಯಾರೂ ಕವರ್ ಕೊಡಲ್ಲ ಅಲ್ವಾ? ಹಾಗಾದ್ರೆ ಲೈಟ್ ಅಂಕಲ್ ನಮ್ಮನೆಯವರಾ?"