ಬಿಳಿ ಹಲಗೆಗೆ ಬಿದ್ದ ಬಣ್ಣ

"ಆ ಹಲಗಿ ಮುಟ್ಟಬ್ಯಾಡ್ರಿ!"

ಯಾಸೀನನ ಕೈ ಅಲ್ಲೇ ನಿಂತಿತು. ಕೈಯಲ್ಲಿ ಒರೆಸುವ ಬಟ್ಟೆ, ಎದುರಿಗೆ ಕಣ್ಣು ಕೆಕ್ಕರಿಸಿ ನಿಂತ ಹುಡುಗಿ.

"ಧೂಳ ಕುಂತೈತ್ರಿ. ಒರಸೋಣಂತ..."

"ನಿಮ್ಮ ಎಣ್ಣಿ ಬಟ್ಟಿಲೆ? ಕೈ ಕಟ್ಕೊಂಡು ದೂರ ನಿಲ್ಲರಿ. ಉಪಗ್ರಹ ಬರಾಕ ಆರ ನಿಮಿಷ ಐತಿ."

ಧಾರವಾಡದಾಚೆಯ ಬೋಳು ಎರೆಹೊಲದಲ್ಲಿ ಅವರಿಬ್ಬರ ಮೊದಲ ಭೇಟಿ ಹೀಗಾಯಿತು. ಆರ್ಜೂ ಹಳೇ ಹುಬ್ಬಳ್ಳಿಯ ಹುಡುಗಿ, ಸಂಶೋಧನಾ ವಿದ್ಯಾರ್ಥಿನಿ. ಯಾಸೀನ ಲಕಮನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟವನು. ಅಳತೆಯ ಉಪಕರಣಗಳಿಗೆ ಸ್ಟ್ಯಾಂಡು ಮಾಡಿ ತಂದು ನಿಲ್ಲಿಸುವುದು ಅವನ ಕೆಲಸ.

ಮೋಡದ ಚಿತ್ರ ತೆಗೆಯುವ ಉಪಗ್ರಹದ ಕಣ್ಣು ವರ್ಷ ಕಳೆದಂತೆ ಮಂಕಾಗುತ್ತದೆ. ಅಷ್ಟು ಮೇಲೆ ಹೋಗಿ ಒರೆಸಲು ಯಾರಿಂದಾದೀತು? ಅದಕ್ಕೇ ಅದು ಹಾದುಹೋಗುವ ಹೊತ್ತಿಗೆ ಕೆಳಗಿನ ಹೊಲ ಎಷ್ಟು ಬೆಳಗುತ್ತದೆಂದು ಒಂದು ಬಿಳಿ ಹಲಗೆಗೆ ಹೋಲಿಸಿ ಅಳೆಯುತ್ತಾರೆ. ಮೇಲಿನ ಕಣ್ಣು ಕಂಡದ್ದಕ್ಕೂ ಈ ಅಳತೆಗೂ ಎಷ್ಟು ಅಂತರವೋ ಅಷ್ಟು ತಿದ್ದುತ್ತಾರೆ. ಹಲಗೆಯ ಅಳತೆ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಬೈಸಿಕೊಂಡವನು ಮತ್ತೆ ಆ ಕಡೆ ತಲೆ ಹಾಕಬಾರದಿತ್ತು. ಆದರೆ ಮರುವಾರವೂ ಬಂದ, ಅದರ ಮರುವಾರವೂ ಬಂದ. ಬಿಸಿಲಲ್ಲಿ ನಿಂತವಳಿಗೆ ನೀರಿನ ಬಾಟಲಿ ಕೊಟ್ಟು, ಹಲಗೆಯಿಂದ ಹತ್ತು ಹೆಜ್ಜೆ ದೂರ ಹೋಗಿ ನಿಲ್ಲುತ್ತಿದ್ದ. ನಾಲ್ಕನೇ ವಾರ ಆರ್ಜೂ ಮನೆಯಲ್ಲಿ ಕನ್ನಡಿಯ ಮುಂದೆ ಅರ್ಧ ತಾಸು ಕಳೆದಳು. ಯಾಕೆಂದು ಕೇಳಿದ್ದರೆ ಸಿಡುಕುತ್ತಿದ್ದಳು.

ಆ ವಾರದ ಅಳತೆಯೇ ಕೈಕೊಟ್ಟಿತು. ಅಂಕಿಗಳು ತಾಳೆಯಾಗಲಿಲ್ಲ.

"ಹಲಗಿ ಯಾರರೆ ಮುಟ್ಟಿದ್ರೇನು?" ಮಾರ್ಗದರ್ಶಕ ರಾಜಶೇಖರ ಸರ್ ಕೇಳಿದರು.

ಆರ್ಜೂ ಅಂಕಿಗಳಿಂದ ತಲೆ ಎತ್ತಿದಳು. "ಯಾಸೀನ ಒರಸಿರಬೇಕ್ರಿ, ಸರ್. ಅವರಿಗೆ ಆ ಚಟ ಐತಿ."

ಬಾಯಿಗೆ ಬಂದದ್ದು ಆಡಿಬಿಟ್ಟಳು. ಅವನು ಒರೆಸಿದ್ದನ್ನು ಅವಳು ಕಂಡಿರಲಿಲ್ಲ. ಮರುದಿನವೇ ಯಾಸೀನನಿಗೆ ಇನ್ನು ಬರಬೇಡವೆಂದು ಹೇಳಿಕಳಿಸಿದರು.

ಶುಕ್ರವಾರ ನಾಲ್ಕು ಗಂಟೆಗೆ ವರದಿ ಹೋಗಬೇಕಿತ್ತು. ಅಳತೆ ಕೆಟ್ಟ ಕಾರಣದ ಎದುರು ಯಾಸೀನನ ಹೆಸರು, ಕೆಳಗೆ ಆರ್ಜೂಳ ಸಹಿ. ಒಮ್ಮೆ ಹೋದರೆ ಸಂಶೋಧನಾ ಕೇಂದ್ರದ ಬಾಗಿಲು ಅವನಿಗೆ ಮತ್ತೆ ತೆರೆಯುವಂತಿರಲಿಲ್ಲ. ಅವಳಿಗೆ ಊಟ ಸೇರಲಿಲ್ಲ. ಮೂರು ಗಂಟೆಗೆ ಮತ್ತೆ ಅಂಕಿಗಳನ್ನು ತೆಗೆದು ಕುಳಿತಳು.

'ಕೊಳೆಯಾದರೆ ಹಲಗೆ ಮಂಕಾಗಬೇಕಲ್ಲ? ಇಲ್ಲಿ ಹೊಳಪು ಹೆಚ್ಚಾಗಿದೆ... ಅದೂ ಕೆಂಪು ಬೆಳಕು ಮಾತ್ರ.'

ಆ ದಿನ ಹೊಲದಲ್ಲಿ ತೆಗೆದ ಫೋಟೋ ತೆರೆದಳು. ಹಲಗೆಯ ಮಗ್ಗುಲಲ್ಲೇ ಅವಳು ನಿಂತಿದ್ದಳು. ಮೈಮೇಲೆ ಹೊಚ್ಚಹೊಸ ಕೆಂಪು ಓಢಣಿ!

ಹಲಗೆಯ ಬಳಿ ಕಪ್ಪು ಬಟ್ಟೆಯನ್ನೇ ಹಾಕಬೇಕು, ಇಲ್ಲದಿದ್ದರೆ ಬಟ್ಟೆಯ ಬಣ್ಣ ಅದರ ಮೇಲೆ ಬೀಳುತ್ತದೆ. ಈ ನಿಯಮವನ್ನು ಎಲ್ಲರಿಗೂ ಬರೆದು ಕೊಟ್ಟವಳೂ ಅವಳೇ.

'ಯಾ ಅಲ್ಲಾ... ಈಗ ಹೇಳಿದರೆ ನನ್ನ ಸಂಶೋಧನೆ ಏನಾದೀತು? ಹೇಳದಿದ್ದರೆ ಅವನು?'

ಸರ್ ಕೋಣೆಯ ಬಾಗಿಲ ತನಕ ಹೋಗಿ ಎರಡು ಸಲ ತಿರುಗಿ ಬಂದಳು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಒಳಗೆ ಹೋದಳು.

ಅಲ್ಲಿಂದ ನೇರ ಲಕಮನಹಳ್ಳಿಗೆ ಬಂದಳು. ಯಾಸೀನ ವೆಲ್ಡಿಂಗ್ ನಿಲ್ಲಿಸಿ ನೋಡಿದ. ಮುಖದಲ್ಲಿ ನಗುವಿರಲಿಲ್ಲ.

"ಈಗ ಮತ್ತೇನ ಮುಟ್ಟೇನ್ರಿ ನಾ?"

"ನೀವೇನೂ ಮುಟ್ಟಿಲ್ರಿ. ನನ್ನ ಓಢಣಿ ಬಣ್ಣ ಹಲಗಿ ಮ್ಯಾಲ ಬಿದ್ದಿತ್ತು. ಸರ್‌ಗೆ ಎಲ್ಲಾ ಹೇಳೇನಿ. ವರದಿಯೊಳಗ ನಿಮ್ಮ ಹೆಸರು ಹೊಡದು ನನ್ನ ಹೆಸರು ಬರದು ಬಂದೇನಿ. ನೋಡದನ ನಿಮ್ಮ ಮ್ಯಾಲ ತಪ್ಪ ಹೊರಿಸಿದೆ... ಮಾಫ್ ಮಾಡ್ರಿ."

"ಸರ್ ಏನಂದ್ರು?"

"ನಿಯಮ ಗೊತ್ತಿದ್ದೂ ಕೆಂಪು ಯಾಕ ಹಾಕ್ಕೊಂಡಿ ಅಂತ ಕೇಳಿದ್ರು."

"ಏನ ಹೇಳಿದ್ರಿ?"

ಆರ್ಜೂ ತಲೆ ಎತ್ತಲಿಲ್ಲ. "ಯಾಸೀನ ಬರತಾರ, ಅದಕ್ಕ ಅಂದೆ."

ಅವಳು ಹೊರಡಲು ತಿರುಗಿದಳು.

"ಆರ್ಜೂ." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನ್ನ ಸಿಟ್ಟು ಇನ್ನೂ ಇಳದಿಲ್ಲ."

"ಗೊತ್ತೈತಿ."

"ಇಳಿಯಾಕ ಒಂದ ನಾಕ ದಿನ ಬೇಕು." ಸ್ಟೂಲನ್ನು ಅವಳ ಕಡೆ ಸರಿಸಿದ. "ಅಷ್ಟೂ ದಿನ ಬರ್ತಿ ಏನು?"

"ಬರ್ತೇನಿ," ಎಂದಳು ಆರ್ಜೂ, ಕಣ್ಣೊರೆಸಿಕೊಳ್ಳುತ್ತ. "ಇಳದ ಮ್ಯಾಲೂ ಬರ್ತೇನಿ."