ಕಪ್ಪು ದಾರದ ಕಂಪ್ಯೂಟರ್

"ಒಯ್ಯೋದಾದ್ರ ಒಯ್ಯಿರಿ ಸರ್, ಆದ್ರ ಮುಚ್ಚಳ ಮಾತ್ರ ಬಿಚ್ಚಬ್ಯಾಡ್ರಿ," ಎಂದಳು ಕರೀಮಾಬಿ. ಅವಳ ಕಣ್ಣು ಬಸವಂತರಾಯನ ಮೇಲಿರಲಿಲ್ಲ; ಗೋಣಿಚೀಲದಲ್ಲಿ ಸುತ್ತಿದ್ದ ಕಂಪ್ಯೂಟರಿನ ಮೇಲಿತ್ತು.

ಬಸವಂತರಾಯ ನಕ್ಕುಬಿಟ್ಟ. ಗುಲ್ಬರ್ಗಾ ಕಡೆಯಿಂದ ಲಿಂಗಸೂಗೂರಿನ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ತೊಂಬತ್ತೇಳರ ಆ ಬೇಸಿಗೆಯಲ್ಲಿ ಜನ ಹೊಸ ಕಂಪ್ಯೂಟರುಗಳ ಮಾತಾಡುತ್ತಿದ್ದರೆ ಅವನಿಗೆ ಹಳೆಯವುಗಳ ಹುಚ್ಚು ಹತ್ತಿತ್ತು. ಟೀವಿಗೆ ಜೋಡಿಸಿ, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಆಟ ತುಂಬಿಸುವ, ಕರೆಂಟು ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುವ ಯಂತ್ರಗಳವು. ಗುಜರಿಯ ಬಿಡಿಭಾಗಗಳನ್ನು ಬೆಸೆದು ಒಂದನ್ನು ಅರ್ಧ ಕಟ್ಟಿದ್ದ. ಅದಕ್ಕೆ ಬೇಕಾದ ಚಿಪ್ ಎಲ್ಲೂ ಸಿಕ್ಕಿರಲಿಲ್ಲ. ಮಸ್ಕಿಯಲ್ಲಿ ಚಾಂದ್‌ಪಾಷಾ ಎಂಬವನು ಸೌದಿಯಿಂದ ತಂದು ಗೇಮಿನ ಅಂಗಡಿ ನಡೆಸಿದ್ದ ಯಂತ್ರವೊಂದು ಅವನಕ್ಕ ಕರೀಮಾಬಿಯ ಮನೆಯಲ್ಲಿದೆ ಎಂದು ಕೇಳಿ ಬಸ್ಸು ಹತ್ತಿ ಬಂದಿದ್ದ.

"ಯಾಕ ಯಮ್ಮಾ, ಒಳಗ ಹಾವು ಐತೇನು?"

"ಅಂಗಡಿ ಚೊಲೊ ನಡೀತಿತ್ತು. ನೋಡಲಾರದವ್ರು ಮಾಟ ಮಾಡಿಸಿದ್ರು. ಬಾಗಲಾ ಹಾಕ್ಕೊಂಡು ಆಡಾಕ ಕುಂತ ನನ್ನ ತಮ್ಮ ಮುಂದ ಸಿಗಲೇ ಇಲ್ಲ. ಬಲ್ಲವರೊಬ್ಬರು ಬಂದು ಆ ಪೀಡಾನ್ನ ಒಳಗ ಕಟ್ಟಿ ಹೋದ್ರು." ಕರೀಮಾಬಿಯ ದನಿ ಇಳಿಯಿತು. "ಮನ್ಯಾಗ ಇಟ್ಕೊಳ್ಳಾಕ ಅಂಜಿಕಿ. ಸುಟ್ರ ಅವನೂ ಸುಡ್ತಾನೇನೋ ಅಂತ ಅಂಜಿಕಿ."

"ಎಲ್ಲೋ ಓಡಿಹೋಗಿರ್ತಾನ ಬಿಡ್ರಿ," ಎಂದು ಬಸವಂತರಾಯ ಚೀಲವನ್ನು ಹೆಗಲಿಗೇರಿಸಿದ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದ. ಹೆಂಡತಿ ಆದಮ್ಮ ತವರೂರು ಮುಕ್ಕುಂದಕ್ಕೆ ಹೋಗಿದ್ದಳು. ಯಂತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ ತಿರುಪುಗಳನ್ನು ಬಿಚ್ಚಿದ. ಮುಚ್ಚಳ ಎದ್ದೊಡನೆ ಲೋಬಾನದ ವಾಸನೆ ಬಂತು. ಅದರ ಹಿಂದೆಯೇ ಸುಟ್ಟ ಕೂದಲಿನ, ಹಸಿ ಗೋರಿಮಣ್ಣಿನ ವಾಸನೆ. ಒಳಗೆ ಅಂಗೈಯಷ್ಟು ತಾಮ್ರದ ತಗಡು. ಅದರ ತುಂಬ ಗೀರಿದ ಚೌಕಮನೆಗಳು. ಸುತ್ತಲೂ ಕೂದಲು ಸೇರಿಸಿ ಹೊಸೆದ ಕಪ್ಪು ದಾರ.

"ಇದಕ್ಕೇನು ಹೆದರಿಕಿ!" ಎನ್ನುತ್ತ ದಾರವನ್ನು ಕತ್ತರಿಸಿದ. ತುಂಡಾದ ದಾರ ಎರೆಹುಳುವಿನಂತೆ ಹೊರಳಿತು. ಗಾಳಿಗೆ ಇರಬೇಕು ಅಂದುಕೊಂಡ. ತಗಡನ್ನು ಕಿಟಕಿಯಿಂದಾಚೆ ಎಸೆದ.

ಚಿಪ್ ಕೀಳುವ ಮುಂಚೆ ಯಂತ್ರ ನಡೆಯುತ್ತದೋ ನೋಡೋಣವೆಂದು ಟೀವಿಗೆ ಜೋಡಿಸಿ, ಚೀಲದಲ್ಲಿದ್ದ ಕ್ಯಾಸೆಟ್ ಹಾಕಿದ. ಟೇಪು ಕಿರುಗುಟ್ಟಿತು. ಆಟ ತುಂಬುವಾಗಿನ ಆ ಕರ್ಕಶ ಸದ್ದು ಅವನಿಗೆ ಹೊಸದಲ್ಲ. ಆದರೆ ಇದರೊಳಗೆ ಯಾರೋ ಬಾಯಿಗೆ ಬಟ್ಟೆ ತುರುಕಿಸಿಕೊಂಡು ಕೂಗುತ್ತಿದ್ದಂತಿತ್ತು. ಸದ್ದು ನಿಂತಿತು. ಕಪ್ಪು ಪರದೆಯ ಮೇಲೆ ಗೋಡೆಗಳು ಮೂಡಿದವು. ಪಡಸಾಲೆ, ಅಡುಗೆಮನೆ, ನಡುಮನೆ. ಅವನದೇ ಮನೆ! ಅವನು ಕುಳಿತಿದ್ದ ಮೂಲೆಯ ಕೋಣೆಯಲ್ಲಿ ಒಂದು ಬಿಳಿ ಚುಕ್ಕೆ.

ಬಸವಂತರಾಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಎದ್ದ. ಚುಕ್ಕೆಯೂ ಸರಿಯಿತು.

ಬಾಗಿಲು ದಾಟಿ ಪಡಸಾಲೆಗೆ ಬಂದ. ಅಲ್ಲಿಂದ ಅಡುಗೆಮನೆಗೆ. ಅಡುಗೆಮನೆಯ ಹಿತ್ತಿಲ ಬಾಗಿಲು ತೆರೆದ. ಎದುರಿಗೆ ಮತ್ತೆ ಅದೇ ಕೋಣೆ, ಅದೇ ಟೀವಿ. ಕಿಟಕಿಯ ಆಚೆ ಬೀದಿಯಿಲ್ಲ, ಬೂದಿಬಣ್ಣದ ಗೋಡೆ. ಕೂಗಿದ. ಕೂಗು ಅವನ ಬಾಯಿಯ ಮುಂದೆಯೇ ಸತ್ತಿತು. ಓಡಿದ. ಪಡಸಾಲೆ. ಅಡುಗೆಮನೆ. ಕೋಣೆ. ಮತ್ತೆ ಪಡಸಾಲೆ. ಪ್ರತಿ ಸುತ್ತಿಗೂ ಗೋಡೆಗಳು ಒಳಕ್ಕೆ ಸರಿದಿದ್ದವು. ಭುಜಗಳು ಗೋಡೆಗೆ ಉಜ್ಜತೊಡಗಿದವು. ಉಸಿರಿಗೆ ಗಾಳಿ ಸಾಲದು. ಬಾಯಿಯ ತುಂಬ ಮಣ್ಣಿನ ರುಚಿ.

ಆಗ ದೂರದಲ್ಲಿ ಚಿಲಕದ ಸದ್ದು ಕೇಳಿತು.

"ರೀ... ಬಾಗಲಾ ತಗೀರಿ. ಅವ್ವ ಅಕ್ಕಿ ಕಳಿಸ್ಯಾಳ, ಭಾರ ಐತಿ." ಆದಮ್ಮನ ದನಿ.

ಗೋಡೆಯೊಂದರಲ್ಲಿ ಬೆಳಕಿನ ಗೆರೆ ಬಿರಿಯಿತು. ಅವನು ಅತ್ತ ನುಗ್ಗಿದ. ಬಾಗಿಲು ಅಗಲವಾಯಿತು. ಹೊಸ್ತಿಲ ಮೇಲೆ ಅವಳ ಕಾಲು. ಒಳಗ ಬರಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ಬೆಳಕಷ್ಟೇ ಕಂಡಿತು ಅವನಿಗೆ. ಅವಳನ್ನು ಒಳಕ್ಕೆ ತಳ್ಳಿ ತಾನು ಹೊರಬಿದ್ದ.

ಸುಡುವ ಬಿಸಿಲು. ಬೀದಿ. ಹಿಂದೆ ಬಾಗಿಲು ಧಡ್ಡನೆ ಮುಚ್ಚಿತು.

ಎದ್ದು ಬಾಗಿಲನ್ನು ಒದ್ದು ತೆರೆದ. ಎಲ್ಲ ಕೋಣೆಗಳೂ ಇದ್ದಲ್ಲೇ ಇದ್ದವು. ಹಿತ್ತಿಲ ಬಾಗಿಲಾಚೆ ಹಿತ್ತಿಲೇ ಇತ್ತು. ನೆಲದ ತುಂಬ ಅಕ್ಕಿ ಚೆಲ್ಲಿತ್ತು. ಆದಮ್ಮ ಇರಲಿಲ್ಲ.

"ರೀ, ಎಲ್ಲಿದ್ದೀರಿ? ಕತ್ತಲಿ ಐತ್ರಿ ಇಲ್ಲಿ..."

ದನಿ ಟೀವಿಯೊಳಗಿಂದ ಬಂತು. ಪರದೆಯ ನಟ್ಟನಡುವೆ ಚುಕ್ಕೆ ನಡುಗುತ್ತಿತ್ತು. ಬಸವಂತರಾಯ ಕುರ್ಚಿಗೆ ಬಿದ್ದು ಕೀಲಿಯೊತ್ತಿದ. ಚುಕ್ಕೆ ಸರಿಯಿತು.

"ಆದೀ, ಅಂಜಬ್ಯಾಡ. ನಾ ಹೊರಗ ತರ್ತೀನಿ. ನಡಿ."

ಎಡಕ್ಕೆ. ಕೆಳಕ್ಕೆ. ಗೋಡೆ. ಹಿಂದಕ್ಕೆ. ಬೆವರು ಕಣ್ಣಿಗಿಳಿಯಿತು. ಹೊರಬಾಗಿಲಿನ ಸಂದು ಕಾಣಿಸಿತು. ಇನ್ನು ಒಂದೇ ತಿರುವು.

"ಬೆಳಕು ಕಾಣಾಕತ್ತೈತ್ರಿ!" ಎಂದಳು ಆದಮ್ಮ.

ಬೀದಿಯಿಂದ ಪಕ್ಕದ ಮನೆಯ ತಿಮ್ಮವ್ವ ಕೂಗಿದಳು. "ಸರ್, ನೀರು ತುಂಬಿಸ್ಕೊಳ್ರೀ. ಕರೆಂಟ್ ತಗಿಯೋ ಹೊತ್ತಾತು!"

ತಲೆಯ ಮೇಲಿನ ಫ್ಯಾನಿನ ಸದ್ದು ನಿಧಾನವಾಯಿತು. ಪರದೆಯ ಗೋಡೆಗಳೆಲ್ಲ ಒಮ್ಮೆಲೇ ಒಳಕ್ಕೆ ಕುಸಿದವು. ಕಪ್ಪು ಗಾಜಿನ ನಡುವೆ ಒಂದೇ ಒಂದು ಬಿಳಿ ಚುಕ್ಕೆ ಉಳಿಯಿತು. ಬಸವಂತರಾಯ ಎರಡೂ ಅಂಗೈಗಳನ್ನು ಅದಕ್ಕೆ ಒತ್ತಿ ಹಿಡಿದ. ಗಾಜು ಇನ್ನೂ ಬೆಚ್ಚಗಿತ್ತು. ಬೆರಳುಗಳ ಸಂದಿಯಲ್ಲಿ ಚುಕ್ಕೆ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಆಮೇಲೆ ಕಾಣಲಿಲ್ಲ.